ಹಾಲು ಹೆಣ್ಣು, ಕಾಫಿ ಗಂಡು: ಸ್ಪ್ಯಾನಿಷ್‌ನ ಮೊದಲ ಪಾಠಗಳನ್ನು ಕನ್ನಡದ ದಾರಿಯಲ್ಲಿ ಮೆಲುಕು ಹಾಕುವುದು

ಮೂಡಿಗೆರೆಯ ಹತ್ತಿರವಿರುವ ನಮ್ಮ ತೋಟದ ಮನೆಯ ಅಡುಗೆಮನೆಯಲ್ಲಿ ಒಂದು ತಿಂಗಳಿನಿಂದ ಡಬ್ಬಿಗಳಿಗೆಲ್ಲ ಚೀಟಿ ಅಂಟಿಕೊಂಡಿದೆ. ಹಾಲಿನ ಪಾತ್ರೆಯ ಮೇಲೆ ‘ಲ ಲೇಚೆ’, ಕಾಫಿಪುಡಿಯ ಡಬ್ಬಿಯ ಮೇಲೆ ‘ಎಲ್ ಕಫೇ’, ಉಪ್ಪಿನ ಜಾಡಿಯ ಮೇಲೆ ‘ಲ ಸಾಲ್’ ಎಂದು ಬರೆದಿದೆ. ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗಳು ಸ್ಪ್ಯಾನಿಷ್‌ನ ಮೊದಲ ಹಂತದ ಪರೀಕ್ಷೆಗೆ ಹಣ ಕಟ್ಟಿ, ರಜೆಯಲ್ಲಿ ಮನೆಗೆ ಬಂದು ಓದಿದ್ದನ್ನು ತಿರುವಿ ಹಾಕುತ್ತಿದ್ದಾಳೆ. ‘ಲ’ ಎಂದರೆ ಸ್ತ್ರೀಲಿಂಗ, ‘ಎಲ್’ ಎಂದರೆ ಪುಲ್ಲಿಂಗ ಎಂದು ಅವಳು ವಿವರಿಸಿದಾಗ ನಮ್ಮ ತಾಯಿ ಒಲೆಯ ಮುಂದಿನಿಂದಲೇ, “ಏನೇ, ಹಾಲು ಹೆಣ್ಣು, ಕಾಫಿ ಗಂಡೇನೇ? ಯಾರು ನೋಡಿ ಹೇಳಿದ್ದು?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಈ ಲೇಖನ ಹುಟ್ಟಿತು.

ಹುಡುಗಿಯ ಬಳಿ ಇದ್ದ ಟಿಪ್ಪಣಿಗಳೆಲ್ಲವೂ ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಯುವವರಿಗಾಗಿ ಬರೆದವು. ಇಂಗ್ಲಿಷಿನವರಿಗೆ ಕಷ್ಟವಾಗುವ ಎಷ್ಟೋ ಸಂಗತಿಗಳು ಕನ್ನಡಿಗರಿಗೆ ಹುಟ್ಟಿನಿಂದಲೇ ಗೊತ್ತಿರುತ್ತವೆ. ಇಂಗ್ಲಿಷಿನ ಬಾಗಿಲಿನಿಂದ ಒಳಹೋದವರು ಗೊತ್ತಿರುವುದನ್ನೇ ಹೊಸದಾಗಿ ಕಲಿಯುತ್ತ ಸುತ್ತುಬಳಸಿನ ದಾರಿ ಹಿಡಿಯುತ್ತಾರೆ. ಕಾಫಿ ರಫ್ತಿನ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಈ ಭಾಷೆಯನ್ನು ಅಷ್ಟಿಷ್ಟು ಕಲಿತ ನಾನೂ ಅದೇ ದಾರಿಯಲ್ಲಿ ಸುತ್ತಿದವನು.

ಈ ಭಾಷೆಗೂ ನಮ್ಮ ಜಿಲ್ಲೆಗೂ ಏನು ನಂಟು?

ಸ್ಪ್ಯಾನಿಷ್ ಸುಮಾರು 50 ಕೋಟಿ ಜನರ ತಾಯ್ನುಡಿ; 20 ದೇಶಗಳ ಆಡಳಿತ ಭಾಷೆ. ಚಿಕ್ಕಮಗಳೂರು, ಹಾಸನದ ಬೆಳೆಗಾರರು ಬೆಲೆಯ ವಿಷಯ ಬಂದಾಗಲೆಲ್ಲ ಹೆಸರೆತ್ತುವ ಕೊಲಂಬಿಯ, ಹೊಂಡುರಾಸ್, ಗ್ವಾಟೆಮಾಲ, ಪೆರು, ಮೆಕ್ಸಿಕೊ ದೇಶಗಳ ತೋಟಗಳಲ್ಲಿ ಕೇಳಿಬರುವುದು ಇದೇ ಭಾಷೆ. ಬ್ರೆಜಿಲ್ ಮಾತ್ರ ಈ ಪಟ್ಟಿಗೆ ಸೇರುವುದಿಲ್ಲ, ಅಲ್ಲಿನದು ಪೋರ್ಚುಗೀಸ್. ಕೊಲಂಬಿಯದ ರೈತನೊಬ್ಬ ಗಿಡ ಸವರುವುದನ್ನು ತೋರಿಸುವ ವಿಡಿಯೊವನ್ನು ಫೋನಿನಲ್ಲಿ ನೋಡುವಾಗ ಕೈಕೆಲಸವೆಲ್ಲ ಅರ್ಥವಾಗಿ ಮಾತು ಮಾತ್ರ ಅರ್ಥವಾಗದೆ ಉಳಿದ ಅನುಭವ ನಮ್ಮಲ್ಲಿ ಅನೇಕರಿಗಿರಬಹುದು. ಇನ್ನು ಮಕ್ಕಳು ಬರೆಯುವ ಪರೀಕ್ಷೆಯ ಹೆಸರು ದೇಲೆ. 1991ರಲ್ಲಿ ಸ್ಥಾಪನೆಯಾದ ಸ್ಪೇನಿನ ಸೆರ್ವಾಂತೆಸ್ ಸಂಸ್ಥೆ ಇದನ್ನು ನಡೆಸುತ್ತದೆ. ಎ1ರಿಂದ ಸಿ2ರವರೆಗೆ 6 ಹಂತಗಳಿದ್ದು, ಎ1 ಮೊದಲ ಮೆಟ್ಟಿಲು. ಪರಿಚಯ ಹೇಳಿಕೊಳ್ಳುವುದು, ಬೆಲೆ ಕೇಳುವುದು, ದಾರಿ ವಿಚಾರಿಸುವುದು, ದಿನಚರಿ ತಿಳಿಸುವುದು ಈ ಹಂತದಲ್ಲಿ ಬರಬೇಕು.

ಬರೆದಂತೆ ಓದುವ ಭಾಷೆ

ಸ್ಪ್ಯಾನಿಷ್‌ನಲ್ಲಿರುವುದು ಅ, ಎ, ಇ, ಒ, ಉ ಎಂಬ 5 ಸ್ವರಗಳು ಮಾತ್ರ. ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಒಂದೊಂದು ಪದದಲ್ಲಿ ಒಂದೊಂದು ದನಿ ಹೊರಡಿಸುವಂತೆ ಇಲ್ಲಿ ಆಗುವುದಿಲ್ಲ. ಮಹಾಪ್ರಾಣವಿಲ್ಲ, ಟ ವರ್ಗವೂ ಇಲ್ಲ. ರೋಮನ್ ಲಿಪಿಯನ್ನು ಕಂಡೊಡನೆ ನಮ್ಮ ನಾಲಿಗೆ ಇಂಗ್ಲಿಷಿನ ಅಭ್ಯಾಸದಿಂದ ‘ಟ’, ‘ಡ’ ಕಡೆಗೆ ಹೊರಳುತ್ತದೆ. ಅದನ್ನು ತಡೆದು ‘ತ’, ‘ದ’ ಎಂದರೆ ಉಚ್ಚಾರ ಬಹುಪಾಲು ಸರಿಹೋಗುತ್ತದೆ. ‘ಟೊಮೇಟೊ’ ಅಲ್ಲ, ‘ತೊಮಾತೆ’.

ಉಳಿದಂತೆ ನೆನಪಿಡಬೇಕಾದವು ಕೆಲವೇ. ಹೆಚ್ ಅಕ್ಷರಕ್ಕೆ ದನಿಯಿಲ್ಲ, ಹಾಗಾಗಿ ನಮಸ್ಕಾರದ ಮಾತು ‘ಓಲ’. ಜೆ ಅಕ್ಷರಕ್ಕೆ ಗಂಟಲಿನಿಂದ ಬರುವ ‘ಹ’ ದನಿ. ಬಿ ಮತ್ತು ವಿ ಎರಡಕ್ಕೂ ‘ಬ’. ಜೋಡಿ ಎಲ್ ಬಂದರೆ ಹೆಚ್ಚಿನ ಕಡೆಗಳಲ್ಲಿ ‘ಯ’. ಜ಼ೆಡ್ ಅಕ್ಷರವನ್ನು ಸ್ಪೇನಿನ ಹೆಚ್ಚಿನ ಭಾಗದಲ್ಲಿ ನಾಲಿಗೆಯನ್ನು ಹಲ್ಲುಗಳ ನಡುವೆ ತಂದು ಹೇಳುತ್ತಾರೆ, ಅಮೆರಿಕ ಖಂಡದಲ್ಲಿ ‘ಸ’ ಎನ್ನುತ್ತಾರೆ. ಇಲ್ಲಿ ನಾನು ಎರಡನೆಯದನ್ನೇ ಅನುಸರಿಸಿದ್ದೇನೆ. ಒಂದು ‘ರ’ಕಾರಕ್ಕೂ ಎರಡು ‘ರ’ಕಾರಕ್ಕೂ ಅರ್ಥವೇ ಬೇರೆ: ‘ಪೇರೊ’ ಎಂದರೆ ಆದರೆ, ‘ಪೇರ್ರೊ’ ಎಂದರೆ ನಾಯಿ.

ತಲೆಯ ಮೇಲೆ ಅಲೆಯಂಥ ಗೆರೆ ಹೊತ್ತ ಎನ್ ಒಂದಿದೆ. ಅದು ಬೇರೇನೂ ಅಲ್ಲ, ಶಾಲೆಯಲ್ಲಿ ‘ಚ ಛ ಜ ಝ ಞ’ ಎಂದು ಬಾಯಿಪಾಠ ಮಾಡಿ ಆಮೇಲೆ ನಾವು ಬಿಡಿಯಾಗಿ ಎಂದೂ ಬಳಸದ ‘ಞ’. ‘ಮಞಾನ’ ಎಂದರೆ ನಾಳೆ, ‘ಆಞೊ’ ಎಂದರೆ ವರ್ಷ. ಆ ಗೆರೆಯನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ನನಗೆ 30 ವರ್ಷ ಎಂದು ಬರೆಯಹೋಗಿ, ಗೆರೆ ಹಾಕದೆ, ದೇಹದ ಹಿಂಭಾಗದಲ್ಲಿರುವ, ಮರ್ಯಾದಸ್ಥರು ಹೆಸರೆತ್ತದ ಅವಯವವು ನನ್ನಲ್ಲಿ 30 ಇವೆ ಎಂದು ಗ್ರಾಹಕರೊಬ್ಬರಿಗೆ ಪತ್ರ ಕಳುಹಿಸಿದ್ದೆ.

ನಮಗೆ ನಿಜವಾಗಿ ಹೊಸದು ಒತ್ತು. ಕನ್ನಡದಲ್ಲಿ ಪದದ ಯಾವ ಭಾಗವನ್ನು ಒತ್ತಿ ಹೇಳಿದರೂ ಅರ್ಥ ಕೆಡುವುದಿಲ್ಲ, ಸ್ಪ್ಯಾನಿಷ್‌ನಲ್ಲಿ ಕೆಡುತ್ತದೆ. ‘ಆಬ್ಲೊ’ ಎಂದರೆ ಮಾತಾಡುತ್ತೇನೆ, ‘ಅಬ್ಲೋ’ ಎಂದರೆ ಅವನು ಅಥವಾ ಅವಳು ಮಾತಾಡಿದರು. ‘ಪಾಪ’ ಎಂದರೆ ಅಮೆರಿಕ ಖಂಡದಲ್ಲಿ ಆಲೂಗಡ್ಡೆ, ‘ಪಪಾ’ ಎಂದರೆ ಅಪ್ಪ. ಪದವು ಸ್ವರದಲ್ಲಿ, ಇಲ್ಲವೇ ಎನ್ ಅಥವಾ ಎಸ್ ಅಕ್ಷರದಲ್ಲಿ ಮುಗಿದರೆ ಒತ್ತು ಕೊನೆಯದಕ್ಕಿಂತ ಹಿಂದಿನ ಉಚ್ಚಾರಾಂಶದ ಮೇಲೆ, ಇಲ್ಲದಿದ್ದರೆ ಕೊನೆಯದರ ಮೇಲೆ; ಈ ನಿಯಮ ಮೀರಿದ ಪದಗಳಲ್ಲಿ ಒತ್ತು ಬೀಳುವ ಸ್ವರದ ಮೇಲೆ ಓರೆಗೆರೆ ಎಳೆದಿರುತ್ತಾರೆ. ಈ ಲೇಖನದಲ್ಲಿ ಒತ್ತು ಬೀಳುವ ಸ್ವರವನ್ನು ಸಾಮಾನ್ಯವಾಗಿ ದೀರ್ಘವಾಗಿ ಬರೆದಿದ್ದೇನೆ. ಹಾಗೆಂದು ರಾಗ ಎಳೆಯಬಾರದು, ತುಸು ಒತ್ತಿ ಹೇಳಿದರೆ ಸಾಕು.

ಕ್ರಿಯಾಪದದ ಬಾಲದಲ್ಲಿ ಕರ್ತೃ

“ಕಾಫಿ ಕುಡೀತೀರಾ?” ಎಂದು ಕೇಳಿದರೆ ನಾವು “ಕುಡೀತೀನಿ” ಎನ್ನುತ್ತೇವೆ. ‘ನಾನು’ ಎಂದು ಬೇರೆಯಾಗಿ ಹೇಳಬೇಕಿಲ್ಲ, ಕ್ರಿಯಾಪದದ ಬಾಲವೇ ಅದನ್ನು ಹೇಳುತ್ತದೆ. ಇಂಗ್ಲಿಷಿನಲ್ಲಿ ಹೀಗೆ ಬಿಡಲಾಗದು. ಸ್ಪ್ಯಾನಿಷ್‌ನಲ್ಲಿ ಬಿಡಬಹುದು, ಬಿಡುವುದೇ ಸಹಜ.

ಮಾತಾಡು ಎಂಬುದರ ಮೂಲ ರೂಪ ‘ಅಬ್ಲಾರ್’. ‘ಆರ್’ ಎಂಬ ಕೊನೆಯನ್ನು ಕಿತ್ತು ಬಾಲ ಜೋಡಿಸಿದರೆ ‘ಆಬ್ಲೊ’ ಮಾತಾಡುತ್ತೇನೆ, ‘ಆಬ್ಲಸ್’ ಮಾತಾಡುತ್ತೀಯೆ, ‘ಆಬ್ಲ’ ಮಾತಾಡುತ್ತಾನೆ, ‘ಅಬ್ಲಾಮೊಸ್’ ಮಾತಾಡುತ್ತೇವೆ, ‘ಆಬ್ಲನ್’ ಮಾತಾಡುತ್ತಾರೆ. ಸ್ಪೇನಿನಲ್ಲಿ ‘ಅಬ್ಲಾಯ್ಸ್’ ಎಂಬ ಇನ್ನೊಂದು ರೂಪವಿದ್ದು, ಸಲಿಗೆಯ ಹಲವರನ್ನು ಉದ್ದೇಶಿಸಿ ಹೇಳುವಾಗ ಬಳಕೆಯಾಗುತ್ತದೆ. ಒಂದು ವಿಷಯದಲ್ಲಿ ನಮ್ಮದೇ ಹೆಚ್ಚು ಸಿಕ್ಕಲು: ಮಾತಾಡುತ್ತಾನೆ, ಮಾತಾಡುತ್ತಾಳೆ, ಮಾತಾಡುತ್ತದೆ ಎಂಬ ಮೂರಕ್ಕೂ ಅವರಲ್ಲಿ ಒಂದೇ ‘ಆಬ್ಲ’. ಮೂಲ ರೂಪ ‘ಏರ್’ ಎಂದು ಮುಗಿಯುವ ‘ಕೊಮೇರ್’ (ತಿನ್ನು), ‘ಈರ್’ ಎಂದು ಮುಗಿಯುವ ‘ಬಿಬೀರ್’ (ಬದುಕು, ವಾಸಿಸು) ಎಂಬ ಇನ್ನೆರಡು ಗುಂಪುಗಳಿವೆ. ಅವುಗಳ ಬಾಲಗಳು ತುಸು ಬೇರೆ, ಪದ್ಧತಿ ಇದೇ.

‘ಇರು’ ಎಂಬುದಕ್ಕೆ ಎರಡು ಮನೆ

ಸ್ಪ್ಯಾನಿಷ್ ಕಲಿಯುವವರನ್ನು ಅತಿ ಹೆಚ್ಚು ಕಾಡುವುದು ‘ಸೇರ್’ ಮತ್ತು ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳು. ಇಂಗ್ಲಿಷಿನವರಿಗೆ ಎರಡಕ್ಕೂ ಒಂದೇ ಪದ. ಆದ್ದರಿಂದ ಅವರ ಪುಸ್ತಕಗಳು ಶಾಶ್ವತವಾದುದಕ್ಕೆ ‘ಸೇರ್’, ತಾತ್ಕಾಲಿಕವಾದುದಕ್ಕೆ ‘ಎಸ್ತಾರ್’ ಎಂದು ಹೇಳಿಕೊಡುತ್ತವೆ. ಆದರೆ ಸತ್ತಿದ್ದಾನೆ ಎನ್ನಲು ಸ್ಪ್ಯಾನಿಷ್‌ನವರು ‘ಎಸ್ತಾ ಮ್ವೇರ್ತೊ’ ಎಂದು ‘ಎಸ್ತಾರ್’ ಬಳಸುತ್ತಾರೆ; ಸಾವಿಗಿಂತ ಶಾಶ್ವತವಾದುದು ಯಾವುದಿದೆ?

ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಒರೆಗಲ್ಲು ಇದೆ. “ನಾನು ರೈತ”, “ಇದು ನನ್ನ ಮನೆ”, “ಇವತ್ತು ಸೋಮವಾರ”, “ನಾನು ಚಿಕ್ಕಮಗಳೂರಿನವನು” ಎಂಬ ವಾಕ್ಯಗಳಲ್ಲಿ ಕ್ರಿಯಾಪದವೇ ಇಲ್ಲ, ಹೆಸರಿನ ಪಕ್ಕದಲ್ಲಿ ಹೆಸರಿಟ್ಟರೆ ವಾಕ್ಯ ಮುಗಿಯಿತು. ಇಂಥ ಕಡೆಗಳಲ್ಲೆಲ್ಲ ಸ್ಪ್ಯಾನಿಷ್ ‘ಸೇರ್’ ಅನ್ನು ಬಯಸುತ್ತದೆ: ‘ಸೊಯ್ ಅಗ್ರಿಕುಲ್ತೋರ್’ ನಾನು ರೈತ, ‘ಓಯ್ ಎಸ್ ಲೂನೆಸ್’ ಇವತ್ತು ಸೋಮವಾರ. ಇನ್ನು “ಮನೆಯಲ್ಲಿದ್ದೇನೆ”, “ಕಾಫಿ ಬಿಸಿಯಾಗಿದೆ”, “ಬಾಗಿಲು ತೆರೆದಿದೆ” ಎಂದು ನಾವು ‘ಇರು’ ಎಂಬ ಕ್ರಿಯಾಪದವನ್ನು ತರುವಲ್ಲಿ ಅವರು ‘ಎಸ್ತಾರ್’ ತರುತ್ತಾರೆ: ‘ಎಸ್ತೊಯ್ ಎನ್ ಕಾಸ’, ‘ಎಲ್ ಕಫೇ ಎಸ್ತಾ ಕಲ್ಯೇಂತೆ’, ‘ಲ ಪ್ವೇರ್ತ ಎಸ್ತಾ ಅಬ್ಯೇರ್ತ’. ಮೇಲಿನ ‘ಸತ್ತಿದ್ದಾನೆ’ ಎಂಬ ಪದವನ್ನೇ ಬಿಡಿಸಿ ನೋಡಿದರೆ ಒಳಗೆ ‘ಇದ್ದಾನೆ’ ಕುಳಿತಿದೆ.

ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ‘ತಿನ್ನುತ್ತಿದ್ದೇನೆ’ ಎಂಬುದು ‘ತಿನ್ನುತ್ತ’ ಮತ್ತು ‘ಇದ್ದೇನೆ’ ಕೂಡಿ ಆದ ಪದ. ಸ್ಪ್ಯಾನಿಷ್‌ನಲ್ಲಿ ಅದೇ ಎರಡು ತುಂಡುಗಳು ಹಿಂದುಮುಂದಾಗಿ ಬರುತ್ತವೆ: ‘ಎಸ್ತೊಯ್’ ಇದ್ದೇನೆ, ‘ಕೊಮ್ಯೇಂದೊ’ ತಿನ್ನುತ್ತ. ಇದನ್ನು ತೋರಿಸಿದಾಗ ಹುಡುಗಿ, “ಚಿಕ್ಕಪ್ಪ, ಇದಕ್ಕೆ ಎರಡು ಪುಟ ನೋಟ್ಸ್ ಬರೆದಿದ್ದೆನಲ್ಲ!” ಎಂದು ಆ ಪುಟಗಳ ಮೇಲೆ ಉದ್ದಕ್ಕೆ ಗೀಟು ಎಳೆದಳು.

ಒರೆಗಲ್ಲು ಎಲ್ಲ ಕಡೆಯೂ ನಡೆಯುತ್ತದೆ ಎಂದಲ್ಲ. “ಅವನು ಎತ್ತರವಾಗಿದ್ದಾನೆ” ಎಂದು ನಾವು ‘ಇರು’ ಬಳಸುತ್ತೇವೆ, ಅವರು ‘ಎಸ್ ಆಲ್ತೊ’ ಎಂದು ‘ಸೇರ್’ ಬಳಸುತ್ತಾರೆ. ಇಂಥಲ್ಲಿ ವಾಕ್ಯವನ್ನು “ಅವನು ಎತ್ತರದವನು” ಎಂದು ಕ್ರಿಯಾಪದವಿಲ್ಲದೆ ತಿರುಗಿಸಿ ನೋಡಬೇಕು. ಅರ್ಥ ಕೆಡದೆ ತಿರುಗಿದರೆ ಸಾಮಾನ್ಯವಾಗಿ ‘ಸೇರ್’ ಸರಿ. ಒಂದೇ ವಿಶೇಷಣವು ಎರಡರೊಂದಿಗೂ ಬಂದಾಗ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ‘ಬೇರ್ದೆ’ ಎಂದರೆ ಹಸಿರು. ‘ಲ ಓಹ ಎಸ್ ಬೇರ್ದೆ’ ಎಂದರೆ ಎಲೆಯ ಬಣ್ಣ ಹಸಿರು. ‘ಎಲ್ ಮಾಂಗೊ ಎಸ್ತಾ ಬೇರ್ದೆ’ ಎಂದರೆ ಮಾವು ಇನ್ನೂ ಕಾಯಿ, ಹಣ್ಣಾಗಿಲ್ಲ. ಕಾಫಿ ಕುಯ್ಲಿನ ಹೊತ್ತಿನಲ್ಲಿ ಹಸಿರು ಕಾಯನ್ನು ಬಿಟ್ಟು ಕೆಂಪು ಹಣ್ಣನ್ನಷ್ಟೇ ಬಿಡಿಸಿ ಎಂದು ಆಳುಗಳಿಗೆ ಹೇಳುವ ಯಾರಿಗೂ ಈ ‘ಎಸ್ತಾ’ವನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ‘ಇದೆ’ಗೆ ಇನ್ನೂ ಎರಡು ಕೆಲಸಗಳಿವೆ, ಅವಕ್ಕೆ ಸ್ಪ್ಯಾನಿಷ್ ಬೇರೆ ಪದಗಳನ್ನು ಇಟ್ಟುಕೊಂಡಿದೆ. ತೋಟದಲ್ಲಿ ಒಂದು ನಾಯಿ ಇದೆ ಎಂದು ಇರವನ್ನಷ್ಟೇ ತಿಳಿಸುವಾಗ ‘ಆಯ್’ ಬರುತ್ತದೆ: ‘ಆಯ್ ಉನ್ ಪೇರ್ರೊ’. “ನನಗೆ ಇಬ್ಬರು ಮಕ್ಕಳಿದ್ದಾರೆ” ಎಂಬಲ್ಲಿ ‘ತೇಂಗೊ’, ಅಂದರೆ ಹೊಂದಿದ್ದೇನೆ, ಬರುತ್ತದೆ. ಹಸಿವು, ಬಾಯಾರಿಕೆ, ಚಳಿ, ವಯಸ್ಸು ಎಲ್ಲಕ್ಕೂ ಇದೇ ‘ತೇಂಗೊ’: ‘ತೇಂಗೊ ಆಂಬ್ರೆ’ ಎಂದರೆ ನನಗೆ ಹಸಿವಾಗಿದೆ.

ನನಗೆ ಕಾಫಿ ಇಷ್ಟ

ಇಷ್ಟದ ಮಾತಿನಲ್ಲಿ ಕನ್ನಡ ಮತ್ತು ಸ್ಪ್ಯಾನಿಷ್ ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ‘ಮೆ’ ನನಗೆ, ‘ಗೂಸ್ತ’ ಹಿಡಿಸುತ್ತದೆ, ‘ಎಲ್ ಕಫೇ’ ಕಾಫಿ. ನಾನು ಕಾಫಿಯನ್ನು ಇಷ್ಟಪಡುತ್ತೇನೆ ಎಂಬ ಇಂಗ್ಲಿಷ್ ಜಾಡಿನ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡರೆ ತಪ್ಪುವುದು ಖಂಡಿತ. ಹಿಡಿಸುವ ವಸ್ತುವೇ ಇಲ್ಲಿ ಕರ್ತೃ. ಆದ್ದರಿಂದ ವಸ್ತು ಹಲವಾದರೆ ಕ್ರಿಯಾಪದವೂ ಬಹುವಚನವಾಗುತ್ತದೆ: ‘ಮೆ ಗೂಸ್ತನ್ ಲೊಸ್ ಮಾಂಗೊಸ್’, ನನಗೆ ಮಾವಿನಹಣ್ಣುಗಳು ಹಿಡಿಸುತ್ತವೆ. ನೋವಿನ ಮಾತೂ ಹೀಗೆಯೇ, ‘ಮೆ ದ್ವೇಲೆ ಲ ಕಬೇಸ’ ಎಂದರೆ ನನಗೆ ತಲೆ ನೋಯುತ್ತದೆ.

‘ಅನ್ನು’ ಪ್ರತ್ಯಯದ ವಿಷಯದಲ್ಲೂ ಇಂಥದೇ ಒಂದು ಹೋಲಿಕೆಯಿದೆ. “ಕಾಫಿ ಕುಡಿದೆ” ಎನ್ನುವಾಗ ‘ಅನ್ನು’ ಬಿಡಬಹುದು, “ಅಮ್ಮನನ್ನು ನೋಡಿದೆ” ಎನ್ನುವಾಗ ಬಿಡಲಾಗದು. ಸ್ಪ್ಯಾನಿಷ್‌ನಲ್ಲಿ ಗೊತ್ತಾದ ವ್ಯಕ್ತಿ ಕರ್ಮವಾದಾಗ ಅದರ ಮುಂದೆ ‘ಅ’ ಎಂಬ ಪುಟ್ಟ ಪದ ಬರಲೇಬೇಕು, ವಸ್ತುವಾದರೆ ಸಾಮಾನ್ಯವಾಗಿ ಬೇಡ. ‘ಬೇಯೊ ಅ ಮಿ ಮಾದ್ರೆ’ ನನ್ನ ತಾಯಿಯನ್ನು ನೋಡುತ್ತೇನೆ, ‘ಬೇಯೊ ಲ ಕಾಸ’ ಮನೆ ನೋಡುತ್ತೇನೆ. ಮನೆಯಲ್ಲಿ, ಹಾಲಿನೊಂದಿಗೆ ಎಂಬಂಥ ವಿಭಕ್ತಿಗಳು ಮಾತ್ರ ಅವರಲ್ಲಿ ಪದದ ಮುಂದೆ ಬಿಡಿಯಾಗಿ ನಿಲ್ಲುತ್ತವೆ: ‘ಎನ್ ಕಾಸ’, ‘ಕೊನ್ ಲೇಚೆ’.

ಅಜ್ಜಿಯ ಪ್ರಶ್ನೆ: ಯಾರು ನೋಡಿ ಹೇಳಿದ್ದು?

ಈಗ ನಮಗೆ ಕನ್ನಡ ಕೈಕೊಡುವ ಜಾಗಕ್ಕೆ ಬರೋಣ. ಕನ್ನಡದಲ್ಲಿ ಲಿಂಗವನ್ನು ನಿರ್ಧರಿಸುವುದು ಅರ್ಥ. ಹಾಲು, ಮೇಜು, ಮಳೆ ಎಲ್ಲವೂ ನಪುಂಸಕ. ಸ್ಪ್ಯಾನಿಷ್‌ನಲ್ಲಿ ಎಲ್ಲ ನಾಮಪದಗಳೂ ಪುಲ್ಲಿಂಗ ಅಥವಾ ಸ್ತ್ರೀಲಿಂಗ, ಮತ್ತು ವಸ್ತುಗಳ ಮಟ್ಟಿಗೆ ಅದಕ್ಕೂ ಅರ್ಥಕ್ಕೂ ಸಂಬಂಧವಿಲ್ಲ. ಲ್ಯಾಟಿನ್‌ನಿಂದ ಇಳಿದುಬಂದ ಪದ ಅಲ್ಲಿದ್ದ ಲಿಂಗವನ್ನು ಬಹುಮಟ್ಟಿಗೆ ಹೊತ್ತುಕೊಂಡೇ ಬಂದಿದೆ, ಅಲ್ಲಿನ ನಪುಂಸಕಲಿಂಗದ ಪದಗಳು ಉಳಿದೆರಡರಲ್ಲಿ ಹಂಚಿಹೋಗಿವೆ. ಹಿಂದಿ ಪರೀಕ್ಷೆಯಲ್ಲಿ ಮೊಸರು ‘ಖಟ್ಟಾ’ ಎಂದೋ ‘ಖಟ್ಟೀ’ ಎಂದೋ ತಿಳಿಯದೆ ಅಂಕ ಕಳೆದುಕೊಂಡವರಿಗೆ ಈ ಸಂಕಟ ಹಳೆಯದೇ.

‘ಒ’ಕಾರದಲ್ಲಿ ಮುಗಿಯುವವು ಹೆಚ್ಚಾಗಿ ಪುಲ್ಲಿಂಗ, ‘ಅ’ಕಾರದಲ್ಲಿ ಮುಗಿಯುವವು ಹೆಚ್ಚಾಗಿ ಸ್ತ್ರೀಲಿಂಗ. ಆದರೆ ದಿನ ಎಂಬರ್ಥದ ‘ದೀಯ’, ನಕ್ಷೆ ಎಂಬರ್ಥದ ‘ಮಾಪ’, ಗ್ರೀಕ್ ಮೂಲದ ‘ಪ್ರೊಬ್ಲೇಮ’ ಪುಲ್ಲಿಂಗ. ಕೈ ಎಂಬರ್ಥದ ‘ಮಾನೊ’ ಸ್ತ್ರೀಲಿಂಗ. ‘ಲೇಚೆ’, ‘ಸಾಲ್’ ಇಂಥವುಗಳ ಕೊನೆಯಿಂದ ಏನೂ ತಿಳಿಯದು. ಆದ್ದರಿಂದ ‘ಲೇಚೆ’ ಎಂದು ಕಲಿಯದೆ ‘ಲ ಲೇಚೆ’ ಎಂದೇ ಕಲಿಯಬೇಕು. ಚೀಟಿಗಳ ಮೇಲೆ ಹುಡುಗಿ ಲಿಂಗಸೂಚಕವನ್ನೂ ಸೇರಿಸಿ ಬರೆದದ್ದು ಅದಕ್ಕಾಗಿ.

ಲಿಂಗದ ಪರಿಣಾಮ ವಿಶೇಷಣದ ಮೇಲೂ ಆಗುತ್ತದೆ, ವಿಶೇಷಣ ಹೆಚ್ಚಾಗಿ ನಾಮಪದದ ಹಿಂದೆ ಬರುತ್ತದೆ. ತಣ್ಣನೆಯ ಕಾಫಿ ‘ಕಫೇ ಫ್ರೀಯೊ’, ತಣ್ಣನೆಯ ಹಾಲು ‘ಲೇಚೆ ಫ್ರೀಯ’. ಬಿಸಿ ಎಂಬರ್ಥದ ‘ಕಲ್ಯೇಂತೆ’ ಮಾತ್ರ ‘ಎ’ಕಾರದಲ್ಲಿ ಮುಗಿಯುವುದರಿಂದ ಎರಡಕ್ಕೂ ಬದಲಾಗದೆ ಉಳಿಯುತ್ತದೆ. ನೀರಿನದು ವಿಚಿತ್ರ ಪ್ರಸಂಗ. ‘ಆಗ್ವ’ ಸ್ತ್ರೀಲಿಂಗವೇ, ಆದರೂ ‘ಲ ಆಗ್ವ’ ಎಂದರೆ ಎರಡು ‘ಅ’ಕಾರಗಳು ಡಿಕ್ಕಿ ಹೊಡೆಯುತ್ತವೆಂದು ‘ಎಲ್ ಆಗ್ವ’ ಎನ್ನುತ್ತಾರೆ. ತಣ್ಣೀರು ಎನ್ನುವಾಗ ಅದರ ನಿಜವಾದ ಲಿಂಗ ಹೊರಬೀಳುತ್ತದೆ: ‘ಎಲ್ ಆಗ್ವ ಫ್ರೀಯ’. ಸಂಖ್ಯೆಯ ಜೊತೆಗೂ ಎಚ್ಚರ ಬೇಕು. ಹೋಟೆಲಿನಲ್ಲಿ ನಾವು “ಎರಡು ಕಾಫಿ” ಎಂದರೆ ಸಾಕು, ಅವರು ‘ದೋಸ್ ಕಫೇಸ್’ ಎಂದು ಬಹುವಚನ ಮಾಡಲೇಬೇಕು.

ನೀನು, ನೀವು

ಸಲಿಗೆಗೆ ‘ತೂ’, ಗೌರವಕ್ಕೆ ‘ಉಸ್ತೇದ್’. ಎರಡನೆಯದು ‘ತಮ್ಮ ಕೃಪೆ’ ಎಂಬಂಥ ಹಳೆಯ ಮರ್ಯಾದೆಯ ಮಾತು ಸವೆದು ಆದ ಪದ. ಎದುರಿಗಿರುವವರನ್ನೇ ಮೂರನೆಯವರಂತೆ ಕಂಡು ಮಾತಾಡುವುದರಿಂದ ಕ್ರಿಯಾಪದವೂ ‘ಆಬ್ಲ’ ಎಂದೇ ಬರುತ್ತದೆ. ‘ಉಸ್ತೇದೆಸ್’ ಎಂಬುದು ಅದರ ಬಹುವಚನ. ಅಮೆರಿಕ ಖಂಡದಲ್ಲಿ ಸಲಿಗೆಯ ಹಲವರಿಗೂ ಇದನ್ನೇ ಬಳಸುತ್ತಾರೆ. ಅರ್ಜೆಂಟೀನದಂಥ ಕಡೆ ‘ತೂ’ ಬದಲು ‘ಬೋಸ್’ ಕೇಳಿಸುತ್ತದೆ. ಕೊಲಂಬಿಯದ ಕೆಲವು ಸೀಮೆಗಳಲ್ಲಿ ಗಂಡಹೆಂಡಿರು, ತಾಯಿಮಕ್ಕಳು ಕೂಡ ‘ಉಸ್ತೇದ್’ ಎಂದು ಮಾತಾಡುತ್ತಾರೆ. ಹೊಸಬರೊಂದಿಗೆ ‘ಉಸ್ತೇದ್’ನಿಂದ ತೊಡಗಿದರೆ ಕೆಡುಕಿಲ್ಲ.

ದಿನಬಳಕೆಯ ಪದಗಳು

ವಾರದ ಹೆಸರುಗಳನ್ನು ಕನ್ನಡಿಗರು ಉರುಹೊಡೆಯುವ ಅಗತ್ಯವಿಲ್ಲ, ಏಕೆಂದರೆ ಐದು ದಿನಗಳ ಗ್ರಹಗಳು ಎರಡೂ ಭಾಷೆಗಳಲ್ಲಿ ಒಂದೇ. ಚಂದ್ರನ ‘ಲೂನೆಸ್’ ಸೋಮವಾರ, ಮಂಗಳನ ‘ಮಾರ್ತೆಸ್’, ಬುಧನ ‘ಮ್ಯೇರ್ಕೊಲೆಸ್’, ಗುರುವಿನ ‘ಹ್ವೇಬೆಸ್’, ಶುಕ್ರನ ‘ಬ್ಯೇರ್ನೆಸ್’. ಶನಿವಾರದ ‘ಸಾಬದೊ’ ಯಹೂದಿಗಳ ವಿಶ್ರಾಂತಿಯ ದಿನದಿಂದ, ಭಾನುವಾರದ ‘ದೊಮೀಂಗೊ’ ಕ್ರೈಸ್ತರ ಪ್ರಭುವಿನ ದಿನದಿಂದ ಬಂದವು.

ಮೊದಲೇ ಪರಿಚಯವಿರುವ ಪದಗಳೂ ಸಿಗುತ್ತವೆ. ಸಕ್ಕರೆ ‘ಅಸೂಕರ್’, ಅದರ ಮೂಲ ಸಂಸ್ಕೃತದ ಶರ್ಕರಾ. ಅರಬ್ಬರ ಮೂಲಕ ಸ್ಪೇನ್ ತಲುಪಿತು. ಕಿತ್ತಳೆಗೆ ‘ನರಾಂಹ’, ನಮ್ಮ ನಾರಂಗಿಯ ಬಂಧು. ‘ಹಬೋನ್’ ನಮ್ಮ ಸಾಬೂನು, ‘ಕಮೀಸ’ ನಮ್ಮ ಕಮೀಜು.

ಹೊರಗೆ ಹೊರಟಾಗ ಬೇಕಾಗುವ ಮಾತುಗಳು ಹೆಚ್ಚಿಲ್ಲ. ಬೆಳಿಗ್ಗೆ ‘ಬ್ವೇನೊಸ್ ದೀಯಸ್’, ಮಧ್ಯಾಹ್ನದ ಮೇಲೆ ‘ಬ್ವೇನಸ್ ತಾರ್ದೆಸ್’, ರಾತ್ರಿ ‘ಬ್ವೇನಸ್ ನೋಚೆಸ್’. ದಯವಿಟ್ಟು ‘ಪೊರ್ ಫಬೋರ್’, ಧನ್ಯವಾದ ‘ಗ್ರಾಸ್ಯಸ್’. ಎಷ್ಟಾಗುತ್ತದೆ ಎಂದು ಕೇಳಲು ‘ಕ್ವಾಂತೊ ಕ್ವೇಸ್ತ?’, ಶೌಚಾಲಯ ಎಲ್ಲಿದೆ ಎನ್ನಲು ‘ದೋಂದೆ ಎಸ್ತಾ ಎಲ್ ಬಾಞೊ?’. ಬರೆಯುವಾಗ ಪ್ರಶ್ನೆಯ ಮೊದಲಿಗೂ ತಲೆಕೆಳಗಾದ ಒಂದು ಪ್ರಶ್ನಚಿಹ್ನೆ ಹಾಕಬೇಕು. ಕೊನೆಯವರೆಗೆ ಓದದೆ ಪ್ರಶ್ನೆಯೆಂದು ತಿಳಿಯಲಿ ಎಂದು ಸ್ಪೇನಿನ ರಾಜಮನ್ನಣೆಯ ಭಾಷಾ ಅಕಾಡೆಮಿ 1754ರಲ್ಲಿ ಇದನ್ನು ಜಾರಿಗೆ ತಂದಿತು.

ತೋಟದವರಿಗೆ ಇನ್ನೊಂದಿಷ್ಟು: ತೋಟ ‘ಫೀಂಕ’, ಕಾಫಿ ತೋಟ ‘ಕಫೆತಾಲ್’, ನೆರಳು ‘ಸೋಂಬ್ರ’, ಮಳೆ ‘ಯೂಬ್ಯ’, ಕುಯ್ಲು ‘ಕೊಸೇಚ’, ಕಾಳುಮೆಣಸು ‘ಪಿಮ್ಯೇಂತ’, ಏಲಕ್ಕಿ ‘ಕರ್ದಮೋಮೊ’, ಕಾಫಿ ಹಣ್ಣು ‘ಸೆರೇಸ’. ‘ಬೆನೆಫೀಸ್ಯೊ’ ಎಂದರೆ ನಿಘಂಟಿನಲ್ಲಿ ಲಾಭ. ಮಧ್ಯ ಅಮೆರಿಕದ ಬೆಳೆಗಾರರ ಬಾಯಲ್ಲಿ ಹಣ್ಣನ್ನು ಪಲ್ಪ್ ಮಾಡಿ ಒಣಗಿಸುವ ಘಟಕ. ‘ತೀಂತೊ’ ಎಂದು ಕೇಳಿದರೆ ಸ್ಪೇನಿನಲ್ಲಿ ಕೆಂಪು ವೈನ್ ಬರುತ್ತದೆ, ಕೊಲಂಬಿಯದಲ್ಲಿ ಹಾಲಿಲ್ಲದ ಕಾಫಿ ಬರುತ್ತದೆ.

ನಮ್ಮ ಅಡುಗೆಮನೆಯಲ್ಲಿ ಚೀಟಿಯಿಲ್ಲದೆ ಉಳಿದಿರುವುದು ಒಂದೇ ಪಾತ್ರೆ. ಫಿಲ್ಟರಿನ ಮೇಲರ್ಧಕ್ಕೆ ‘ಎಲ್ ಫೀಲ್ತ್ರೊ’ ಎಂದು ಅಂಟಿಸಿಯಾಗಿದೆ. ಕೆಳಗಿನ ಪಾತ್ರೆಯಲ್ಲಿ ಇಳಿಯುವ ಡಿಕಾಕ್ಷನ್‌ಗೆ ‘ದೆಕೊಕ್ಸ್ಯೋನ್’ ಎಂಬ ಪದ ನಿಘಂಟಿನಲ್ಲಿ ಸಿಕ್ಕಿತು, ಆದರೆ ಅದು ಬೇರು ನಾರು ಕುದಿಸಿದ ಕಷಾಯದ ಹೆಸರು. ಅದನ್ನು ಕೇಳಿ ನಮ್ಮ ತಾಯಿ ಆ ಪಾತ್ರೆಗೆ ಚೀಟಿ ಅಂಟಿಸಲು ಬಿಟ್ಟಿಲ್ಲ.